ಹಳೇ ಎಕ್ಸ್‌ರೇ ಗುಜರಿಗೆ ಹಾಕ್ಬೇಡ್ರಪ್ಪಾ

ದಾವಣಗೆರೇಲಿ ಎಕ್ಸ್‌ರೇ ರೂಮಲ್ಲಿ ನಿಂತು 22 ವರ್ಷ ಆಯ್ತು. ಡಾರ್ಕ್ ರೂಮಲ್ಲಿ ಫಿಲಂನ ಡೆವಲಪರ್‌ಗೆ ಅದ್ದಿ ಫಿಕ್ಸರ್‌ಗೆ ಅದ್ದಿ ಹ್ಯಾಂಗರ್‌ಗೆ ನೇತಾಕಿ ಒಣಗಿಸ್ತಿದ್ದ ಕಾಲದಿಂದ ಈಗಿನ ಡಿಜಿಟಲ್ ತನಕ ಎಲ್ಲಾ ನೋಡಿದೀನಿ. ಬದಲಾಗದೇ ಇರೋದು ಒಂದೇ, ಎದೆ ಎಕ್ಸ್‌ರೇ ಆದ್ಮೇಲೆ ಶರ್ಟ್ ಗುಂಡಿ ಹಾಕ್ಕೊಳ್ತಾ ಜನ ಕೇಳೋದು: "ಏನೈತ್ರೀ ಸಾರ್, ಟೀಬಿ ಗೀಬಿ ಏನಾರ ಐತೇನು?" ನಾನು ಡಾಕ್ಟರಲ್ಲ, ಹೇಳಂಗಿಲ್ಲ. ಹಿಂದಿನ ಎಕ್ಸ್‌ರೇ ಐತಾ ಅಂತ ನಾನು ಕೇಳಿದ್ರೆ ಅದಕ್ಕೂ ಉತ್ತರ ಒಂದೇ. "ಅಯ್ಯೋ, ಗುಜರಿಯವ್ನಿಗೆ ಹಾಕಿಬಿಟ್ವಿ."

ಹೋದ ತಿಂಗಳು ಹರಪನಹಳ್ಳಿ ಕಡೆಯಿಂದ ಒಬ್ರು ಯಜಮಾನ್ರು ಬಂದಿದ್ರು, ಜತೆಗೆ ಮಗ. ಒಂದು ತಿಂಗಳಿಂದ ಒಣಕೆಮ್ಮು. ಬೇರೆ ಎಲ್ಲೋ ತೋರಿಸಿದ್ದಕ್ಕೆ ಎಕ್ಸ್‌ರೇಲಿ ಬಲಗಡೆ ಮೇಲ್ಭಾಗದಲ್ಲಿ ಬಿಳೀ ಕಲೆ ಐತೆ, ಟೀಬಿ ಇರ್ಬೇಕು, ಗುಳಿಗೆ ಶುರು ಮಾಡಣ ಅಂದಿದ್ರಂತೆ. ನಾನು ಮತ್ತೆ ತೆಗೆದೆ, ಕಲೆ ಇದ್ದಿದ್ದು ನಿಜ. ನಮ್ಮ ಡಾಕ್ಟ್ರು ಕಫ ಟೆಸ್ಟಿಗೆ ಬರೆದು, ಮನೇಲಿ ಹಳೇ ಎಕ್ಸ್‌ರೇ ಏನಾದ್ರೂ ಇದ್ರೆ ತನ್ನಿ ಅಂದ್ರು. ಮಾರನೇ ದಿನ ಮಗ ಬಟ್ಟೆ ಅಂಗಡಿ ಕವರಲ್ಲಿ ಒಂದು ಫಿಲಂ ಸುತ್ಕೊಂಡು ಬಂದ. ಅದು ಉಳಿದಿದ್ದಾದ್ರೂ ಹೆಂಗೆ ಅಂತೀರಿ, 2019ರ ಡಿಸೆಂಬರ್ ಗ್ರಹಣ ನೋಡೋಕೆ ಅಂತ ಟ್ರಂಕ್ ಹಿಂದೆ ಇಟ್ಕೊಂಡಿದ್ರಂತೆ! (ದಯವಿಟ್ಟು ಎಕ್ಸ್‌ರೇ ಫಿಲಂ ಹಿಡ್ಕೊಂಡು ಸೂರ್ಯನ್ನ ನೋಡ್ಬೇಡಿ, ಕಣ್ಣು ಹೋಗುತ್ತೆ.)

ಎರಡೂ ಫಿಲಂ ಲೈಟ್ ಬಾಕ್ಸಿಗೆ ಪಕ್ಕಪಕ್ಕ ಸಿಕ್ಕಿಸಿದ್ವಿ. ಹಳೇದರ ಮೂಲೇಲಿ 2017 ಅಂತ ಇತ್ತು. ಅದೇ ಜಾಗ, ಅದೇ ಗೀರು ಗೀರು ಕಲೆ, ಅಳತೇನೂ ಅಷ್ಟೇ. ವಾಸಿಯಾಗಿ ಉಳಿದ ಹಳೇ ಗಾಯದ ಗುರುತು. ಮಗ ತಿರುಗಿ "ಅಪ್ಪಾ, ನಿಂಗೆ ಟೀಬಿ ಆಗಿತ್ತಾ?" ಅಂದ. ಯಜಮಾನ್ರು ಒಂಚೂರು ಹೊತ್ತು ನೆಲ ನೋಡಿದ್ರು, ಆಮೇಲೆ "ಆರು ತಿಂಗ್ಳು ಗುಳಿಗೆ ತಿಂದಿದ್ನಪಾ, ಊರಾಗೆ ಗೊತ್ತಾದ್ರೆ ನಿನ್ ಮದ್ವಿಗೆ ತೊಂದ್ರಿ ಆಗ್ತೈತಿ ಅಂತ ಹೇಳಿದ್ದಿಲ್ಲ" ಅಂದ್ರು. ಕಫದಲ್ಲೂ ಏನೂ ಸಿಗಲಿಲ್ಲ. ಕೊನೆಗೆ ನೋಡಿದ್ರೆ ಕೆಮ್ಮು ಬರಿಸ್ತಿದ್ದಿದ್ದು ಅವರ ಬಿಪಿ ಮಾತ್ರೆ! ರಾಮಿಪ್ರಿಲ್ ತರದ್ದು ಕೆಲವರಿಗೆ ಒಣಕೆಮ್ಮು ತರಿಸುತ್ತಂತೆ, ಡಾಕ್ಟ್ರು ಬೇರೆ ಮಾತ್ರೆ ಬರೆದ್ರು, ಎರಡು ಮೂರು ವಾರದಲ್ಲಿ ಕೆಮ್ಮು ನಿಂತೋಯ್ತು. (ಇದನ್ನ ಓದಿ ನೀವಾಗೇ ಬಿಪಿ ಮಾತ್ರೆ ನಿಲ್ಲಿಸ್ಬೇಡಿ ಮತ್ತೆ.)

ಎಕ್ಸ್‌ರೇ ಅಂದ್ರೆ ನೆರಳು ಕಣ್ರಿ, ಅಷ್ಟೇ. ಗಾಳಿ ಕಪ್ಪಗೆ ಕಾಣುತ್ತೆ, ಮೂಳೆ ನೀರು ಕೀವು ಎಲ್ಲಾ ಬೆಳ್ಳಗೆ. ಆ ಬಿಳುಪು ನಿನ್ನೆ ಬಂದಿದ್ದೋ ಹತ್ತು ವರ್ಷದ್ದೋ ಅಂತ ಸುಮಾರು ಸಲ ಒಂದೇ ಫಿಲಂ ನೋಡಿ ಹೇಳೋಕಾಗಲ್ಲ. ನ್ಯುಮೋನಿಯಾ ಆದವರಿಗೆ ಜ್ವರ ವಾರದಲ್ಲಿ ಇಳಿದ್ರೂ ಫಿಲಂ ಮೇಲಿನ ಬಿಳುಪು ಎಷ್ಟೋ ವಾರ ಇರುತ್ತೆ, ಅದಕ್ಕೇ ಡಾಕ್ಟ್ರು ಸಿಗರೇಟ್ ಸೇದೋರಿಗೆ, ವಯಸ್ಸಾದವರಿಗೆ ಆರು ವಾರ ಬಿಟ್ಟು ಇನ್ನೊಂದು ತೆಗೆಸಿ ಅನ್ನೋದು. ನಮ್ಮ ಜನ ಐದನೇ ದಿನಕ್ಕೇ ಬಂದು ಇನ್ನೂ ಹೋಗಿಲ್ವಲ್ಲ ಸಾರ್ ಅಂತ ಗಾಬರಿ ಆಗ್ತಾರೆ. ಪುಪ್ಪುಸದ ಸುತ್ತ ನೀರು ತುಂಬಿದ್ರೆ ಇನ್ನೊಂದು ತರ, ನಿಂತು ತೆಗೆದ ಫಿಲಂನಲ್ಲಿ ಕೆಳಗಿನ ಚೂಪು ಮೂಲೆ ಮೊಂಡಾಗುತ್ತೆ, ಅದು ಕಾಣ್ಬೇಕಾದ್ರೂ ಸುಮಾರು 200 ಎಂಎಲ್ ನೀರು ಸೇರಿರ್ಬೇಕು.

ಚಿತ್ರದುರ್ಗದ ಕಡೆ ಕ್ರಷರಲ್ಲಿ ಕಲ್ಲಿನ ಪುಡಿ ಕುಡಿದು ಬಂದೋರಂತೂ ಹಳೇ ಫಿಲಂ ತರಲೇಬೇಕು. ಆ ಧೂಳಿಂದ ಪುಪ್ಪುಸಕ್ಕೆ ಬರೋ ಕಾಯಿಲೆನೇ ಸಿಲಿಕೋಸಿಸ್. ಸಿಲಿಕೋಸಿಸ್‌ನ ಸಣ್ಣ ಸಣ್ಣ ಗುಂಡು ಚುಕ್ಕೆನೂ ಮೇಲ್ಭಾಗದಲ್ಲೇ ಜಾಸ್ತಿ, ಟೀಬಿನೂ ಅಲ್ಲೇ, ಮೇಲಿಂದ ಸಿಲಿಕಾ ಧೂಳು ಹೊಕ್ಕ ಪುಪ್ಪುಸಕ್ಕೆ ಟೀಬಿ ಬೇಗ ಹತ್ತುತ್ತೆ. ವರ್ಷದಿಂದ ವರ್ಷಕ್ಕೆ ಏನು ಹೊಸದಾಗಿ ಸೇರ್ಕೊಂಡಿದೆ ಅಂತ ತಿಳಿಯೋಕೆ ಹಳೇದು ಬೇಕೇ ಬೇಕು.

ನಮ್ಮ ಕಡೆ ತಪ್ಪೂ ಇದೆ, ಯಾಕೆ ಮುಚ್ಚಿಡ್ಲಿ. ಒಂದ್ಸಲ ಒಬ್ಬ ಹುಡುಗಿ ದಪ್ಪ ಜಡೆ ಭುಜದ ಮೇಲೆ ಬಿದ್ದಿದ್ದನ್ನ ನಾನು ನೋಡ್ಲಿಲ್ಲ, ಅದು ಫಿಲಂನಲ್ಲಿ ಥೇಟ್ ಟೀಬಿ ಕಲೆ ತರ ಬಂದುಬಿಡ್ತು, ಜಡೆ ಎತ್ತಿ ಕಟ್ಟಿಸಿ ಮತ್ತೆ ತೆಗೆದಾಗ ಮಾಯ. ಪೂರ್ತಿ ಉಸಿರು ಎಳ್ಕೊಂಡು ಹಿಡೀದೇ ಇದ್ರೂ ಅಷ್ಟೇ, ಪುಪ್ಪುಸದ ತಳ ಬೆಳ್ಳಗಾಗಿ ಹೃದಯ ದಪ್ಪಗೆ ಕಾಣುತ್ತೆ. ಮಲಗಿಸಿ ಮುಂದಿಂದ ತೆಗೆದ್ರಂತೂ ಹೃದಯ ಇದ್ದಿದ್ದಕ್ಕಿಂತ ದೊಡ್ಡದು. "ಉಸ್ರು ಎಳೀರಿ, ಹಿಡೀರಿ" ಅಂತ ನಾವು ಕೂಗೋದು ಸುಮ್ನೆ ಅಲ್ಲ.

ಇನ್ನು ವಾಟ್ಸಾಪ್ ಡಾಕ್ಟರ್‌ಗಳು. ಫಿಲಂನ ಟ್ಯೂಬ್‌ಲೈಟಿಗೆ ಸೊಟ್ಟಗೆ ಹಿಡಿದು ಫೋಟೋ ಹೊಡೆದು ಗ್ರೂಪಿಗೆ ಹಾಕ್ತಾರೆ, ಅರ್ಧ ಫೋಟೋದಲ್ಲಿ ಫ್ಯಾನಿನ ನೆರಳು, ತಾರೀಕು ಇರೋ ಮೂಲೆ ಕಟ್. ಅದನ್ನ ನೋಡಿ ಕ್ಯಾನ್ಸರ್ ಅಂತ ಒಬ್ಬ, ಏನಿಲ್ಲ ಬಿಡು ಅಂತ ಇನ್ನೊಬ್ಬ.

ಫಿಲಂ ಮಡಚಬೇಡಿ, ತಗಡಿನ ಮನೆ ಕಾವಿಗೆ ಒಂದಕ್ಕೊಂದು ಅಂಟ್ಕೊಳ್ಳುತ್ತೆ, ಮಧ್ಯೆ ಪೇಪರ್ ಇಡಿ. ಡಿಜಿಟಲ್ ಆದ್ರೆ ಸಿಡಿ ಕೇಳಿ ಇಸ್ಕೊಳ್ಳಿ.

ಆ ಯಜಮಾನ್ರು ಹೋಗೋವಾಗ ಎರಡನ್ನೂ ಒಂದರಾಗೇ ಹಾಕ್ಕೊಡಪಾ ಅಂದ್ರು. ದೊಡ್ಡ ಕವರ್ ಕೊಟ್ಟು ಮೇಲೆ ಎರಡೂ ತಾರೀಕು ಮಾರ್ಕರಲ್ಲಿ ಬರೆದೆ. ಮನೇಲಿ ಇನ್ನೂ ಫಿಲಂ ಅದಾವಾ ಅಂತ ಕೇಳಿದ್ದಕ್ಕೆ ಮಗ ನಕ್ಕ. "ಅವ್ವಂದು ಮೊಣಕಾಲಿಂದು ಎರಡು ಇದ್ವು ಸಾರ್, ಕೋಳಿ ಗೂಡಿನ ಕಿಟಕಿಗೆ ಹೊಡ್ದೀವಿ."