ಪರಿಪಾಠ ಬೇಕೇ, ಬೇಡವೇ?

ಪರ: ಒಬ್ಬ ಮಾಸ್ತರರು

ಮಹಾರಾಷ್ಟ್ರದ ಶಾಲೆಗಳಲ್ಲಿ ಪಾಠಕ್ಕೆ ಮೊದಲು ಸಾಲಾಗಿ ನಿಂತು ಮಾಡುವುದಕ್ಕೆಲ್ಲ ‘ಪರಿಪಾಠ’ ಅನ್ನುತ್ತಾರೆ. ರಾಷ್ಟ್ರಗೀತೆ, ಪ್ರತಿಜ್ಞೆ, ಸಂವಿಧಾನದ ಪೀಠಿಕೆ, ಪ್ರಾರ್ಥನೆ, ಸುವಿಚಾರ, ದಿನವಿಶೇಷ. ನಾನು ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಕಲಿಸಿದವನು. ಯಾದಗಿರಿ, ಕಲಬುರಗಿ ಕಡೆಯ ಮಕ್ಕಳೇ ಜಾಸ್ತಿ. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಬಂದವರು. ಕಟ್ಟಡ ಮುಗಿದರೆ ಮನೆಯೂ ಬದಲು, ಶಾಲೆಯೂ ಬದಲು. ಅಂಥ ಮಗುವಿಗೆ ನಾಳೆಯೂ ಹೀಗೇ ಇರುತ್ತದೆ ಅಂತ ಹೇಳುವುದು ಈ ಹದಿನೈದು ನಿಮಿಷ ಮಾತ್ರ.

ಜೂನ್‌ನಲ್ಲಿ ಸೇರಿದ ಒಬ್ಬ ಹುಡುಗಿ ತರಗತಿಯಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಸಾಲಿನಲ್ಲಿ ಮಾತ್ರ ತುಟಿ ಅಲ್ಲಾಡುತ್ತಿತ್ತು. ನೂರು ದನಿಗಳ ನಡುವೆ ತಪ್ಪಿದರೆ ಯಾರಿಗೆ ಗೊತ್ತಾಗುತ್ತದೆ, ಅಲ್ವಾ? ಗಣಪತಿ ರಜೆ ಮುಗಿಯುವಷ್ಟರಲ್ಲಿ ಸುವಿಚಾರ ಓದಲು ತಾನೇ ಮುಂದೆ ಬಂದಳು.

ಜನವರಿ 3 ಸಾವಿತ್ರಿಬಾಯಿ ಫುಲೆ ಹುಟ್ಟಿದ ದಿನ. 1848ರಲ್ಲಿ ಪುಣೆಯ ಭಿಡೆವಾಡಾ ಅನ್ನುವ ಮನೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಗಿ, ಅವರು ಅಲ್ಲಿ ಪಾಠ ಮಾಡಿದ ಕಥೆ ಅವತ್ತು ಹೇಳುತ್ತಿದ್ದೆವು. “ಪಾಠ ಮಾಡೋಕೆ ಹೋಗುವವರ ಮೇಲೆ ಸೆಗಣಿ ಯಾಕೆ ಎಸೆದರು ಸರ್?” ಅಂತ ಅದೇ ಹುಡುಗಿ ಕೇಳಿದಳು. ಅವತ್ತಿನ ಗಣಿತ ಹಾಗೇ ಉಳಿಯಿತು.

ವಿರೋಧ: ಒಬ್ಬ ತಾಯಿ

ಆ ಹುಡುಗಿಯ ಕಥೆ ನಿಜವೇ ಇರಬಹುದು. ನನ್ನ ಮಗನದು ಮಧ್ಯಾಹ್ನದ ಪಾಳಿ, ಹನ್ನೆರಡೂವರೆಯ ಬಿಸಿಲು. ಬೂಟಿಗೆ ಪಾಲಿಶ್ ಇಲ್ಲ ಅಂತ ಒಂದು ದಿನ ಅವನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದರು. ಉಳಿದವರು ಆಗ ಪೀಠಿಕೆಯಲ್ಲಿ ‘ಸಮಾನತೆ’ ಅಂತ ಕೂಗುತ್ತಿದ್ದರು.

ದಸರೆಗೆ ಪಾಟಿಪೂಜೆ ಬೇರೆ, ಅಂದರೆ ಸ್ಲೇಟಿನ ಮೇಲೆ ಸರಸ್ವತಿಯನ್ನು ಬರೆದು ಮಾಡುವ ಪೂಜೆ. ಮನೆಯಲ್ಲಿ ನಾನೂ ಮಾಡುತ್ತೇನೆ, ಅದು ಬೇರೆ ಮಾತು. ಆದರೆ ಸರ್ಕಾರದ ಮಾನ್ಯತೆ ಅಥವಾ ಹಣ ಪಡೆಯುವ ಶಾಲೆ, ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಪೂಜೆಗೆ ಕೂರಿಸುವಂತಿಲ್ಲ. ಸಂವಿಧಾನದ 28(3)ನೇ ವಿಧಿ ಇದನ್ನೇ ಹೇಳುತ್ತದೆ. ನನ್ನನ್ನಂತೂ ಯಾರೂ ಕೇಳಲಿಲ್ಲ. ಕೇರಳದಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಅದು ಅವರ ಧರ್ಮದ ನಂಬಿಕೆ. ಶಾಲೆ ಹೊರಗೆ ಹಾಕಿತು. ವಾಪಸ್ ಸೇರಿಸಿಕೊಳ್ಳಿ ಅಂತ 1986ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸುಮ್ನೆ ಗೌರವದಿಂದ ನಿಂತಿದ್ದರೂ ಅವಮಾನವಲ್ಲ ಅಂದಮೇಲೆ, ಬೂಟಿನ ಪಾಲಿಶ್ ಯಾವ ಲೆಕ್ಕ?

ಮಗ ಈಗ ಪಾಲಿಶ್ ಡಬ್ಬಿಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಹೋಗುತ್ತಾನೆ. ಪೀಠಿಕೆ ಪೂರ್ತಿ ಬಾಯಿಪಾಠ. ಸಮಾನತೆ ಅಂದರೆ ಏನೋ ಅಂತ ಕೇಳಿದೆ. “ಪ್ರತಿಜ್ಞೆ ಆದಮೇಲೆ ಬರುತ್ತಲ್ಲಮ್ಮ, ಅದು” ಅಂದ.