ಬೆಡ್‌ರೂಮಿನ ನೆಲ ಕುಸಿದರೆ

ಗಾರೆ ನೆಲ, ರೆಡ್ ಆಕ್ಸೈಡ್, ಮೊಸಾಯಿಕ್ ಮೇಲೆ ಓಡಾಡಿ ಬೆಳೆದ ಕಾಲುಗಳಿಗೆ ನೆಲ ಬಗ್ಗುವುದು ಅಂದರೇನು ಅಂತಲೇ ಗೊತ್ತಿರಲಿಲ್ಲ. ಈಗ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಮಾಸ್ಟರ್ ಬೆಡ್‌ರೂಮಿಗೆ ‘ವುಡನ್ ಫ್ಲೋರಿಂಗ್’ ಬಂದಿದೆ. ಕಾಲಿಟ್ಟ ನೆಂಟರು ಒಂದು ಕ್ಷಣ ನಿಂತು, ಮತ್ತೊಮ್ಮೆ ಅದೇ ಜಾಗ ತುಳಿದು ನೋಡುತ್ತಾರೆ. ಪಾಪ, ಕೇಳಲು ಸಂಕೋಚ.

ಅದು ಬಹುಪಾಲು ಲ್ಯಾಮಿನೇಟ್. ಮರದ ನಾರನ್ನು ಒತ್ತಿ ಮಾಡಿದ ಹಲಗೆ, ಮೇಲೆ ಮರದ ಫೋಟೊ. 1970ರ ದಶಕದಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ್ದು. ಅಂಟಿಲ್ಲದೆ ಒಂದಕ್ಕೊಂದು ಕಚ್ಚಿಕೊಳ್ಳುವ ಲಾಕ್ ಬಂದದ್ದು 1990ರ ದಶಕದಲ್ಲಿ. ಇದಕ್ಕೆ ಕೆಳಗಿನ ನೆಲದೊಂದಿಗೆ ಮೊಳೆಯ ನಂಟೂ ಇಲ್ಲ, ಅಂಟಿನ ನಂಟೂ ಇಲ್ಲ. ಎರಡು ಮೂರು ಮಿಲಿಮೀಟರ್ ಫೋಮ್ ಮೇಲೆ ಸುಮ್ನೆ ಮಲಗಿರುತ್ತದೆ. ಹಾಗಾಗಿ ಚೂರು ಕುಸಿದರೆ ಗಾಬರಿ ಬೇಡ. ಎಲ್ಲಿ ಕುಸಿಯುತ್ತದೆ ಅನ್ನುವುದೇ ಮುಖ್ಯ.

ಯಾವಾಗಲೂ ಒಂದೇ ಜಾಗದಲ್ಲಿ ಕುಸಿದರೆ ಕೆಳಗೆ ತಗ್ಗಿದೆ ಅಂತ ಅರ್ಥ. ಎರಡು ಮೀಟರಿಗೆ ಸುಮಾರು ಮೂರು ಮಿಲಿಮೀಟರ್ ತಗ್ಗನ್ನು ಕಂಪನಿಗಳು ಸಾಮಾನ್ಯವಾಗಿ ಒಪ್ಪುತ್ತವೆ. ಮೇಸ್ತ್ರಿಯ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಇಟ್ಟರೆ ಸಂದು ಕಾಣಬೇಕು. ಆದರೆ ಹಲಗೆ ಮಹಾ ಕಳ್ಳ. ಭಾರವಿಲ್ಲದಾಗ ಮಟ್ಟಸವಾಗೇ ಕಾಣುತ್ತದೆ. ಅದಕ್ಕೇ ಪಟ್ಟಿಯ ಪಕ್ಕ ಒಬ್ಬರು ನಿಲ್ಲಬೇಕು. ಮನೆಯಲ್ಲಿ ದಪ್ಪಗಿರುವವರಿಗೆ ಮರ್ಯಾದೆ ಸಿಗುವ ಅಪರೂಪದ ಕೆಲಸ!

ಇಡೀ ರೂಮೇ ಮೆತ್ತಗಿದ್ದರೆ ಫೋಮ್ ಮೇಲೆ ಅನುಮಾನ. ಕಾಲಿಗೆ ಹಿತವಾಗಿರಲಿ ಅಂತ ಎರಡು ಪದರ ಹಾಕಿಸುವವರಿದ್ದಾರೆ. ಹಿತ ಸ್ವಲ್ಪ ದಿನ. ಆಮೇಲೆ ಹಲಗೆ ಬಗ್ಗಿ ಬಗ್ಗಿ ಲಾಕ್ ಮುರಿಯುತ್ತದೆ.

ರೂಮಿನ ನಡುವೆ ಉಬ್ಬಿ, ತುಳಿದರೆ ಕೆಳಗಿಳಿದು ಮತ್ತೆ ಏಳುತ್ತದಾ? ಒಂದು ಕಡೆಯ ಸ್ಕರ್ಟಿಂಗ್, ಅಂದರೆ ಗೋಡೆಯ ಬುಡದ ಪಟ್ಟಿ, ಬಿಚ್ಚಿಸಿ. ಗೋಡೆಗೂ ಹಲಗೆಗೂ ಎಂಟು ಹತ್ತು ಮಿಲಿಮೀಟರ್ ಜಾಗ ಬಿಟ್ಟಿರಬೇಕು. ಮಳೆಗಾಲದ ತೇವಕ್ಕೆ ಹಲಗೆ ಹಿಗ್ಗುತ್ತದೆ, ಜಾಗವಿಲ್ಲದಿದ್ದರೆ ಮೇಲಕ್ಕೇಳುತ್ತದೆ. ಹಲಗೆಯ ಮೇಲೆಯೇ ವಾರ್ಡ್‌ರೋಬ್ ಕೂರಿಸಿದ್ದರೂ, ಆ ಭಾರಕ್ಕೆ ಹಲಗೆ ಸರಿಯಲಾಗದೆ, ಇದೇ ಕಥೆ. ಬಾಲ್ಕನಿ ಬಾಗಿಲ ಬಳಿ ಅಂಚುಗಳು ಎದ್ದಿದ್ದರೆ ಮಳೆನೀರೋ ಒರೆಸುವ ಬಕೆಟ್ಟೋ ಕಾರಣ. ನೀರು ಕುಡಿದು ಊದಿದ ಹಲಗೆ ಮತ್ತೆ ಮೊದಲಿನಂತಾಗದು, ಬದಲಾಯಿಸಬೇಕು.

ಅಮೆರಿಕದಲ್ಲಿರುವ ಮಕ್ಕಳ ಮನೆಯಲ್ಲಿ ಪರೀಕ್ಷೆ ಬೇರೆ. ಅಲ್ಲಿ ಮಹಡಿಯ ಅಡಿಯಲ್ಲೇ ಮರದ ತೊಲೆಗಳಿರುತ್ತವೆ. ನಡೆದಾಗ ಟೇಬಲ್ ಮೇಲಿನ ಲೋಟದ ನೀರೂ ನಡುಗಿದರೆ ಲ್ಯಾಮಿನೇಟನ್ನು ಬೈದು ಉಪಯೋಗವಿಲ್ಲ, ತೊಲೆ ನೋಡಿಸಬೇಕು.

ತಗ್ಗು ಸರಿಮಾಡಲು ಗೋಡೆಯಿಂದ ಸಾಲುಸಾಲಾಗಿ ಹಲಗೆ ಬಿಚ್ಚಿ, ಅಡಿಯ ನೆಲ ಮಟ್ಟ ಮಾಡಿ, ಮತ್ತೆ ಜೋಡಿಸಬೇಕು. ಇಷ್ಟೆಲ್ಲ ಯಾರು ಮಾಡಿಸ್ತಾರೆ ಅಂತ ಜನ ಆ ಜಾಗಕ್ಕೆ ಮಂಚ ಎಳೆದುಬಿಡುತ್ತಾರೆ. ಎಳೆಯಿರಿ, ಮಂಚದ ಕಾಲು ಮಾತ್ರ ತಗ್ಗಿನ ಮೇಲೆ ಬರದಂತೆ ನೋಡಿಕೊಳ್ಳಿ.