ರುಕಾವಟ್ಟಿಗೊಂದು ಸನ್ಮಾನ

ರಾಜ್ಯೋತ್ಸವಕ್ಕೆ ಸನ್ಮಾನ ಮಾಡೋಣವೆಂದರೆ ನಮ್ಮ ಬಡಾವಣೆಯಲ್ಲಿ ಮನುಷ್ಯರೇ ಮುಗಿದುಹೋಗಿದ್ದಾರೆ. ನಿವೃತ್ತ ಅಧಿಕಾರಿಗಳಿಗೆಲ್ಲ ತಲಾ ಎರಡೆರಡು ಸಲ ಆಗಿದೆ. ಪಾರ್ಕಿನಲ್ಲಿ ಯೋಗ ಹೇಳಿಕೊಡುವವರಿಗೆ ಆಯಿತು, ಹೂಕುಂಡ ಚೆನ್ನಾಗಿ ಇಟ್ಟುಕೊಂಡವರಿಗೆ ಆಯಿತು, ಹೋದ ವರ್ಷದ ಸನ್ಮಾನಗಳಿಗೆ ಶಾಲು ಕೊಡಿಸಿದ ದಾನಿಗಳಿಗೂ ಅದೇ ಲಾಟಿನಲ್ಲಿ ಉಳಿದ ಶಾಲು ಹೊದಿಸಿ ಆಯಿತು. ಹೀಗಾಗಿ ಈ ಸಲ ಸಮಿತಿಯವರು ಒಂದು ಹಳೇ ಟಿವಿಯನ್ನು ಸನ್ಮಾನಿಸುವುದೆಂದು ಒಮ್ಮತದಿಂದ ತೀರ್ಮಾನಿಸಿದರು.

ತಮಾಷೆ ಅಲ್ಲ. ವಾಟ್ಸಾಪಿನಲ್ಲಿ ಗುಲಾಬಿ ಹೂಗಳ ಮಧ್ಯೆ ಆಹ್ವಾನ ಪತ್ರಿಕೆಯೇ ಬಂತು. ‘ಆ ಸುವರ್ಣ ದಿನಗಳು: ದೂರದರ್ಶನ ಯುಗಕ್ಕೊಂದು ನಮನ’. ಟಿವಿ ಸಿಕ್ಕಿದ್ದು ಅಧ್ಯಕ್ಷರ ಮನೆಯ ಅಟ್ಟದ ಮೇಲೆ. ಎರಡು ಕಡೆಗೆ ಸರಿಯುವ ಮರದ ಬಾಗಿಲು, ಬಾಗಿಲಿಗೊಂದು ಬೀಗ, ಕೆಳಗೆ ನಾಲ್ಕು ಓರೆ ಕಾಲು. ಮೂವತ್ತು ವರ್ಷದಿಂದ ಅದರ ಮೇಲೆ ತಾಮ್ರದ ಹಂಡೆ ಕೂತಿತ್ತಂತೆ. ಹಂಡೆ ಇಳಿಸಿ, ಟಿವಿಗೆ ಪಾಲಿಶ್ ಹೊಡೆಸಿ, ಮೈಸೂರು ಪೇಟ ಇಟ್ಟರು. ತಲೆ ಚಪ್ಪಟೆಯಾದ್ದರಿಂದ ಪೇಟ ಜಾರಿ ಜಾರಿ ಬೀಳುತ್ತಿತ್ತು. ಕೊನೆಗೆ ಸೆಲ್ಲೋಟೇಪ್ ಹಚ್ಚಿದರು.

ಅಲ್ಲಿಂದ ಒಂದು ವಾರ ಗ್ರೂಪಿನಲ್ಲಿ ಕಣ್ಣೀರೋ ಕಣ್ಣೀರು. ‘ಒಂದೇ ಚಾನೆಲ್ ಇತ್ತು, ಎಷ್ಟು ನೆಮ್ಮದಿ ಇತ್ತು!’ ಅಂತ ಒಬ್ಬರು. ಅದಕ್ಕೆ ನಲವತ್ತು ಜನರ ಕೈ ಮುಗಿದ ಚಿಹ್ನೆ. ಅಲ್ಲ ಸ್ವಾಮಿ, ಜೈಲಿನಲ್ಲೂ ಊಟಕ್ಕೆ ಒಂದೇ ಪಲ್ಯ ಇರುತ್ತದೆ. ಏನು ತಿನ್ನಲಿ ಅನ್ನುವ ಗೊಂದಲ ಅಲ್ಲೂ ಇಲ್ಲ. ಹೊರಗೆ ಬಂದವರು ಯಾರೂ ಆ ಪಲ್ಯವನ್ನು ನೆನೆದು ಗ್ರೂಪ್ ಮಾಡಿದ್ದು ನಾನು ಕಂಡಿಲ್ಲ.

ಆ ನೆಮ್ಮದಿಗೂ ಲೈಸೆನ್ಸ್ ಬೇಕಿತ್ತು ಅನ್ನುವುದನ್ನು ಮಾತ್ರ ಯಾರೂ ನೆನೆಯಲಿಲ್ಲ. ಟಿವಿ ಇಟ್ಟುಕೊಂಡವರು ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ, ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಂಡು ಬರಬೇಕಿತ್ತು. ಅದಕ್ಕೆ ಆಧಾರ 1885ರ ಟೆಲಿಗ್ರಾಫ್ ಕಾಯಿದೆ. ಆ ಕಾಯಿದೆ ಬರೆದವರು ಟಿವಿ ಹಾಗಿರಲಿ, ರೇಡಿಯೋವನ್ನೂ ಕಂಡವರಲ್ಲ. ಕೊಡಗಿನಲ್ಲಂತೂ ಇದರ ಸೊಗಸೇ ಬೇರೆ. ಕೊಡವರು ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಎಂದು ವಿನಾಯಿತಿ ಇದೆ. ಟಿವಿಗೆ ಆ ವಿನಾಯಿತಿ ಇರಲಿಲ್ಲ. ಎಂಬತ್ತರ ದಶಕದ ಮಧ್ಯದಲ್ಲಿ ಲೈಸೆನ್ಸ್ ರದ್ದಾಗುವವರೆಗೆ, ಸರ್ಕಾರದ ಲೆಕ್ಕದಲ್ಲಿ ಅವರ ಮನೆಯ ಗೋಡೆ ಮೇಲಿದ್ದ ಕೋವಿಗಿಂತ ಮೂಲೆಯಲ್ಲಿದ್ದ ಟಿವಿಯೇ ಹೆಚ್ಚು ಅಪಾಯಕಾರಿ. ಒಂದು ರೀತಿಯಲ್ಲಿ ನಿಜವೂ ಇರಬಹುದು. ಆದರೆ ಕೋವಿಯ ಕುದುರೆ ಎಳೆದರೆ ಏನಾದರೂ ಹೊರಗೆ ಬರುವ ಖಾತ್ರಿಯಾದರೂ ಇತ್ತು.

ಕಾರ್ಯಕ್ರಮದ ದಿನ ಬೆಳಿಗ್ಗೆ ಕುರ್ಚಿ ಜೋಡಿಸುತ್ತಿದ್ದ ನಮ್ಮ ವಾಚ್‌ಮನ್ ಟಿವಿಯ ಮುಂದೆ ಸ್ವಲ್ಪ ಹೊತ್ತು ನಿಂತ. ರಾಯಚೂರು ಕಡೆಯವನು, ಅರವತ್ತರ ಹತ್ತಿರ ವಯಸ್ಸು.

“ಇದು ನಿಮ್ಕಿಂತ ಮೊದ್ಲ ನಮ್ಮೂರಿಗೆ ಬಂದಿತ್ರಿ ಸಾಹೇಬ್ರ,” ಅಂದ.

ಸಮಿತಿಯ ಕಾರ್ಯದರ್ಶಿಗಳು ನಕ್ಕರು. ಅವರದು ಮೂರು ತಲೆಮಾರಿನಿಂದ ಬೆಂಗಳೂರು. ಬೆಂಗಳೂರಿಗಿಂತ ಮೊದಲು ರಾಯಚೂರಿನ ಹಳ್ಳಿಗೆ ಟಿವಿ ಬಂದಿತ್ತು ಅಂದರೆ ನಗದೆ ಇನ್ನೇನು ಮಾಡುತ್ತಾರೆ?

ಆದರೆ ಅವನು ಹೇಳಿದ್ದೇ ಸರಿ. 1975ರ ಆಗಸ್ಟ್ 1ರಂದು ಅಮೆರಿಕದ ನಾಸಾದಿಂದ ಒಂದು ವರ್ಷದ ಮಟ್ಟಿಗೆ ಎರವಲು ತಂದ ಎಟಿಎಸ್-6 ಎಂಬ ಉಪಗ್ರಹದಿಂದ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟಿವಿ ಬಂತು. ಕರ್ನಾಟಕದಲ್ಲಿ ಆ ಭಾಗ್ಯ ಸಿಕ್ಕಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾಗಿದ್ದು 1981ರಲ್ಲಿ. ಅಂದರೆ ರಾಜಧಾನಿಯ ಜನ ರೇಡಿಯೋ ಕಿವಿ ಹಿಂಡುತ್ತಾ ಕೂತಿದ್ದಾಗ, ಬಸ್ಸು ಸರಿಯಾಗಿ ಹೋಗದ ಊರಿನ ಹುಡುಗರು ಉಪಗ್ರಹದಿಂದ ಇಳಿದುಬಂದ ಚಿತ್ರ ನೋಡುತ್ತಿದ್ದರು.

“ಶಾಲಿ ಮುಂದ ಇಟ್ಟಿದ್ರು. ಮ್ಯಾಲೆ ಕೋಳಿ ಜಾಲರಿದು ಇಷ್ಟ್ ದೊಡ್ಡ ಛತ್ರಿ,” ಎಂದು ಎರಡೂ ಕೈ ಅಗಲಿಸಿ ತೋರಿಸಿದ. “ನಾ ಮೂರ್ನೇತ್ತಾ ಇದ್ದೆ.”

“ಆಮೇಲೆ?”

“ಒಂದ್ ವರ್ಷ ಆದ ಮ್ಯಾಲೆ ಬಂದ್ ಆತ್ರಿ. ಬಾಡಿಗಿ ಮನಿಯವ್ರು ಖಾಲಿ ಮಾಡ್ಕೊಂಡ್ ಹೋದಂಗ ಹೋತದು. ಟಿವಿ ಇತ್ತು, ಏನೂ ಬರ್ತಿರಲಿಲ್ಲ. ಆದ್ರೂ ಸಂಜಿಮುಂದ ಹೋಗಿ ಕುಂದರ್ತಿದ್ವಿ.”

ಇವನನ್ನೇ ವೇದಿಕೆಗೆ ಕರೆದು ನಾಲ್ಕು ಮಾತಾಡಿಸಿ ಎಂದು ನಾನು ಕಾರ್ಯದರ್ಶಿಗಳಿಗೆ ಹೇಳಿದೆ. ‘ಪ್ರೋಗ್ರಾಂ ಲಿಸ್ಟ್ ಫೈನಲ್ ಆಗಿದೆ ಸಾರ್’ ಎಂದರು. ಅವನು ಉಳಿದ ಕುರ್ಚಿ ಜೋಡಿಸಲು ಹೋದ.

ವೇದಿಕೆಯ ಹಿಂದೆ ಅಡ್ಡಗಲಕ್ಕೆ ಫ್ಲೆಕ್ಸ್. ಅದರಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ‘ರುಕಾವಟ್ ಕೇ ಲಿಯೇ ಖೇದ್ ಹೈ’. ಅಂದರೆ ಅಡಚಣೆಗೆ ವಿಷಾದಿಸುತ್ತೇವೆ ಎಂದು, ಪ್ರಸಾರ ಕೈಕೊಟ್ಟಾಗಲೆಲ್ಲ ದೂರದರ್ಶನ ತೋರಿಸುತ್ತಿದ್ದ ಫಲಕ. ಕನ್ನಡ ರಾಜ್ಯೋತ್ಸವದ ವೇದಿಕೆಯಲ್ಲಿ ಹಿಂದಿಯ ಕ್ಷಮಾಪಣೆ. ಒಬ್ಬ ಯುವಕ ಆಕ್ಷೇಪ ಎತ್ತಿದ. ಕೂಡಲೇ ಸಮಿತಿ ಸೇರಿ ಚರ್ಚಿಸಿ, ಫ್ಲೆಕ್ಸಿನ ಎರಡೂ ತುದಿಗೆ ಹಳದಿ-ಕೆಂಪು ಬಾವುಟ ಕಟ್ಟಿ ಸಮಸ್ಯೆ ಬಗೆಹರಿಸಿತು. ಅದರ ಮುಂದೆಯೇ ಸೆಲ್ಫಿ ಪಾಯಿಂಟ್. ಮೈಕು ಮೂರು ಸಲ ಕೈಕೊಟ್ಟಾಗಲೂ ಫ್ಲೆಕ್ಸು ತನ್ನ ಕರ್ತವ್ಯ ನಿಭಾಯಿಸಿತು.

ಆದರೆ ಹಿಂದಿಯ ವಿಷಯದಲ್ಲಿ ಆ ಯುವಕನಿಗಿಂತ ನಮ್ಮ ತಲೆಮಾರಿನದೇ ದೊಡ್ಡ ತಮಾಷೆ. 1982ರ ಆಗಸ್ಟ್ 15ರಿಂದ ರಾಷ್ಟ್ರೀಯ ಕಾರ್ಯಕ್ರಮ ಅಂತ ಶುರುವಾಯಿತು. ಬಣ್ಣವೂ ಆಗಲೇ ಬಂತು, ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ. ರಾತ್ರಿಯಾದರೆ ದಿಲ್ಲಿ ಮಾತಾಡುತ್ತಿತ್ತು, ನಾವು ಕೇಳುತ್ತಿದ್ದೆವು. ನಮಗೆ ಬರುತ್ತಿದ್ದ ಹಿಂದಿ ಎಂದರೆ ಶಾಲೆಯ ಒಂದು ಪಾಠ ಮತ್ತು ರೈಲ್ವೆ ಸ್ಟೇಷನ್ನಿನ ಬೋರ್ಡು. 1984ರ ಜುಲೈನಲ್ಲಿ ‘ಹಮ್ ಲೋಗ್’ ಬಂದಾಗ ಪ್ರತಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ಕಥೆಯ ಸಾರ ವಿವರಿಸುತ್ತಿದ್ದರು. ಅವರು ಹಿಂದಿಯಲ್ಲಿ ವಿವರಿಸಿದ್ದನ್ನು ನಮ್ಮ ಚಿಕ್ಕಮ್ಮ ಕನ್ನಡದಲ್ಲಿ ವಿವರಿಸುತ್ತಿದ್ದರು. ಚಿಕ್ಕಮ್ಮನ ಕಥೆಯಲ್ಲಿ ಒಬ್ಬಳಿಗೆ ಸೀಮಂತ ಆಗಿತ್ತು, ಒಬ್ಬ ಮಿಲಿಟರಿಗೆ ಓಡಿಹೋಗಿದ್ದ, ಅಜ್ಜನ ಆಸ್ತಿ ಪಾಲಾಗುವುದರಲ್ಲಿತ್ತು. ಎಷ್ಟೋ ವರ್ಷದ ನಂತರ ಮೂಲ ಕಥೆ ಓದಿದೆ. ಚಿಕ್ಕಮ್ಮನದೇ ಚೆನ್ನಾಗಿತ್ತು.

ರಾಮಾಯಣಕ್ಕೆ ಈ ತೊಂದರೆ ಇರಲಿಲ್ಲ. 1987ರ ಜನವರಿಯಿಂದ ಮುಂದಿನ ವರ್ಷದ ಜುಲೈವರೆಗೆ ಭಾನುವಾರ ಬೆಳಿಗ್ಗೆ ಬೀದಿ ಖಾಲಿ. ಕಥೆ ಮೊದಲೇ ಗೊತ್ತಿದ್ದ ಮೇಲೆ ಭಾಷೆ ಕಟ್ಟಿಕೊಂಡು ಏನಾಗಬೇಕು?

ಎಲ್ಲಕ್ಕಿಂತ ದೊಡ್ಡ ವಿಚಿತ್ರ ‘ಮಾಲ್ಗುಡಿ ಡೇಸ್’. ಶಂಕರ್ ನಾಗ್ ನಿರ್ದೇಶನ. ಚಿತ್ರೀಕರಣ ಆಗುಂಬೆಯಲ್ಲಿ. ಸ್ವಾಮಿ ಎಂಬ ಹುಡುಗನಾಗಿ ಮಾಸ್ಟರ್ ಮಂಜುನಾಥ್, ಗಿರೀಶ್ ಕಾರ್ನಾಡರು ಅವನ ಅಪ್ಪ. ಮಳೆ ನಮ್ಮದು, ಜಗಲಿ ನಮ್ಮದು, ಹೆಂಚು ನಮ್ಮದು, ಬೈಯುವ ಅಪ್ಪ ನಮ್ಮವರು, ಬೈಸಿಕೊಳ್ಳುವ ಮಗ ನಮ್ಮವನು. ಬೈಗುಳ ಮಾತ್ರ ಹಿಂದಿಯಲ್ಲಿ. ನಾವೆಲ್ಲ ಉಬ್ಬಿಹೋಗಿ, ‘ನೋಡ್ರೋ ನಮ್ಮ ಆಗುಂಬೆ’ ಎಂದು ಒಬ್ಬರಿಗೊಬ್ಬರು ಕನ್ನಡದಲ್ಲಿ ಹೇಳಿಕೊಂಡು, ಅವರು ಏನಂದರು ಅಂತ ಚಿಕ್ಕಮ್ಮನನ್ನು ಕೇಳಿದೆವು. ಧಾರಾವಾಹಿ ಚೆನ್ನಾಗಿತ್ತು ಅನ್ನುವುದರಲ್ಲಿ ಎರಡು ಮಾತಿಲ್ಲ, ಅದಕ್ಕೇ ಇನ್ನೂ ಹೊಟ್ಟೆ ಉರಿ.

ಸಂಜೆ ಭಾಷಣಗಳು ಶುರುವಾದವು. ಮೊದಲು ಅಧ್ಯಕ್ಷರು. “ಆಗ ಜಾತಿ ಇಲ್ಲ, ಮತ ಇಲ್ಲ, ಇಡೀ ಬೀದಿ ಒಂದೇ ಕುಟುಂಬದ ಹಾಗೆ ಒಂದೇ ಮನೆಯಲ್ಲಿ ಕೂತು ಟಿವಿ ನೋಡ್ತಿದ್ವಿ,” ಎಂದರು. ಚಪ್ಪಾಳೆ.

ನಾನು ಆ ಕುಟುಂಬದ ಕಿಟಕಿ ಶಾಖೆಗೆ ಸೇರಿದವನು. ನಮ್ಮೂರಿನಲ್ಲಿ ಟಿವಿ ಇದ್ದ ಮನೆಯ ಸೋಫಾದ ಮೇಲೆ ಮನೆಯವರು, ಕುರ್ಚಿಯ ಮೇಲೆ ಬ್ಯಾಂಕಿನವರು ಮತ್ತು ಮೇಷ್ಟ್ರು, ಚಾಪೆಯ ಮೇಲೆ ಅಕ್ಕಪಕ್ಕದವರು, ಬರಿ ನೆಲದ ಮೇಲೆ ಅವರ ಮಕ್ಕಳು, ಬಾಗಿಲಾಚೆ ಕೆಲಸದವರು. ಉಳಿದ ನಾವು ಹೊರಗಡೆ, ಕಿಟಕಿಯ ಸರಳು ಹಿಡಿದು. ಮಳೆ ಬಂದರೆ ಅರ್ಧ ಬೆನ್ನು ನೆನೆಯುತ್ತಿತ್ತು. ಸರಳಿಗೆ ಹಚ್ಚಿದ ಹಸಿರು ಬಣ್ಣದ ರುಚಿ ನನಗೆ ಈಗಲೂ ಗೊತ್ತು, ಯಾಕೆಂದರೆ ಚಿತ್ರಮಂಜರಿಯ ಹಾಡು ಮುಗಿಯುವವರೆಗೂ ಮೂಗು ಬಾಯಿ ಎರಡೂ ಅದಕ್ಕೇ ಒತ್ತಿಕೊಂಡಿರುತ್ತಿದ್ದವು. ಯಜಮಾನರಿಗೆ ಸಿಟ್ಟು ಬಂದ ದಿನ ಟಿವಿಯ ಮರದ ಬಾಗಿಲು ಎಳೆದು, ಬೀಗ ಹಾಕಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡು ಮಲಗಲು ಹೋಗುತ್ತಿದ್ದರು. ವೇದಿಕೆಯ ಮೇಲಿದ್ದ ಟಿವಿಯ ಬೀಗಕ್ಕೂ ಒಂದು ಪುಟ್ಟ ಕನಕಾಂಬರದ ಹಾರ ಹಾಕಿದ್ದರು.

ಆಮೇಲೆ ಒಬ್ಬ ಆಂಟಿ ಪಂಚವಟಿಯ ಸೀತೆಯ ಕಾವಿ ಸೀರೆಯ ಬಣ್ಣ ನೆನೆದು ಗದ್ಗದಿತರಾದರು. ಅವರ ಮನೆಯಲ್ಲಿದ್ದದ್ದು ಕಪ್ಪುಬಿಳುಪು ಟಿವಿ, ಅದನ್ನು ಅವರೇ ಐದು ನಿಮಿಷದ ಹಿಂದೆ ಹೇಳಿದ್ದರು. ಆದರೆ ಅದರ ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರಂತೆ. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ಅದರಲ್ಲಿ ರಾಮ ನೀಲಮೇಘಶ್ಯಾಮ, ಸರಿಯೇ. ಆದರೆ ರಾವಣನೂ ನೀಲಮೇಘಶ್ಯಾಮ, ಜಟಾಯುವೂ ನೀಲಮೇಘಶ್ಯಾಮ, ಕಿವಿಯ ಹಿಂದೆ ಗುಲಾಬಿ ಮುಡಿದು ವಾರ್ತೆ ಓದುವ ಸಲ್ಮಾ ಸುಲ್ತಾನರೂ ನೀಲಮೇಘಶ್ಯಾಮೆ.

ಮೂರನೆಯವರು ನಿವೃತ್ತ ಬ್ಯಾಂಕ್ ಮ್ಯಾನೇಜರು. “1983ರ ವಿಶ್ವಕಪ್ಪಿನಲ್ಲಿ ಜಿಂಬಾಬ್ವೆ ಮೇಲೆ ಕಪಿಲ್ ದೇವ್ 175 ಹೊಡೆದದ್ದನ್ನು ಇದೇ ಥರದ ಟಿವಿಯಲ್ಲಿ ಕಣ್ಣಾರೆ ನೋಡಿದೀನಿ. ಒಂದೊಂದು ಸಿಕ್ಸರೂ ಕಣ್ಣಿಗೆ ಕಟ್ಟಿದ ಹಾಗಿದೆ,” ಎಂದರು. ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ನಡೆದ ಆ ಪಂದ್ಯಕ್ಕೆ ಟಿವಿ ಕ್ಯಾಮೆರಾನೇ ಬಂದಿರಲಿಲ್ಲ. ಇಡೀ ಜಗತ್ತಿನಲ್ಲಿ ಅದರ ದೃಶ್ಯದ ಒಂದು ತುಣುಕೂ ಇಲ್ಲ. ಹೊಡೆದ ಕಪಿಲ್ ದೇವ್ ಕೂಡ ಅದನ್ನು ಟಿವಿಯಲ್ಲಿ ನೋಡಿಲ್ಲ. ಮ್ಯಾನೇಜರು ನೋಡಿದ್ದಾರೆ. ಎದ್ದು ಹೇಳೋಣವೆಂದುಕೊಂಡೆ. ಸಭೆಯ ಅರ್ಧ ಜನ ‘ಹೌದು ಹೌದು’ ಎಂದು ತಲೆ ಆಡಿಸುತ್ತಿದ್ದರು. ಕೂತೆ.

ಕೊನೆಗೆ ಉದ್ಘಾಟನೆ. ದೀಪ ಬೆಳಗುವ ಬದಲು ಟಿವಿ ಬೆಳಗುವುದು ಸಮಿತಿಯ ಹೊಸ ಕಲ್ಪನೆ. ಮಾಜಿ ಕಾರ್ಪೊರೇಟರ್ ಸಾಹೇಬರು ಬೀಗ ತೆಗೆದು, ಬಾಗಿಲು ಸರಿಸಿ, ಗುಂಡಿ ತಿರುಗಿಸಿದರು. ಒಂದು ನಿಮಿಷ ಏನೂ ಇಲ್ಲ. ಒಳಗಿಂದ ಗುಂಯ್ ಎಂಬ ಸದ್ದು. ಧೂಳು ಸುಟ್ಟ ವಾಸನೆ. ನಿಧಾನಕ್ಕೆ ಬೆಳಕು ಮೂಡಿ ಪರದೆಯ ತುಂಬ ಬಿಳಿ ಇರುವೆ ಹರಿದಾಡತೊಡಗಿದವು. ಶ್ಶ್ಶ್ಶ್ಶ್.

ಸಭೆ ಉಸಿರು ಬಿಗಿಹಿಡಿಯಿತು. “ಅದೇ ಕಣ್ರೀ! ನಮ್ಮನೇಲೂ ಥೇಟ್ ಹೀಗೇ ಬರ್ತಿತ್ತು!” ಯಾರೋ ಬಿಕ್ಕಿದರು. ಮೊಬೈಲುಗಳೆಲ್ಲ ಮೇಲೆದ್ದವು. ಇರುವೆಯನ್ನು ಫೋರ್‌ಕೆ ಗುಣಮಟ್ಟದಲ್ಲಿ ರೆಕಾರ್ಡ್ ಮಾಡಿಕೊಂಡು ಅಮೆರಿಕದ ಮಕ್ಕಳಿಗೆ ಕಳಿಸಿದರು. ಫಿಸಿಕ್ಸ್ ಲೆಕ್ಚರರ್ ಒಬ್ಬರು, ಈ ಚುಕ್ಕೆಗಳಲ್ಲಿ ನೂರಕ್ಕೆ ಒಂದರಷ್ಟು ವಿಶ್ವ ಹುಟ್ಟಿದ ಕಾಲದ ವಿಕಿರಣದಿಂದ ಬಂದದ್ದು ಎಂದರು. “ನೋಡಿ, ಆಗಿನ ಟಿವಿಯಲ್ಲಿ ಎಂಥಾ ಕ್ವಾಲಿಟಿ ಪ್ರೋಗ್ರಾಂ ಬರ್ತಿತ್ತು,” ಅಂದರು ಅಧ್ಯಕ್ಷರು.

ಅಷ್ಟಕ್ಕೇ ಬಿಡಬಹುದಿತ್ತು. ಕಾರ್ಪೊರೇಟರ್ ಸಾಹೇಬರಿಗೆ ಚಿತ್ರವೂ ಬೇಕಾಯಿತು. “ಆಂಟೆನಾ ಸರಿ ಇಲ್ಲ ಅನ್ಸುತ್ತೆ. ಯಾರನ್ನಾದ್ರೂ ಮೇಲೆ ಹತ್ತಿಸ್ರೀ.”

ವಾಚ್‌ಮನ್ನನ್ನು ಹತ್ತಿಸಿದರು. ಆ ಕಾಲದ ಟ್ರಾನ್ಸ್‌ಮಿಟರುಗಳನ್ನು ದೂರದರ್ಶನದವರೇ ಬಹುತೇಕ ಮುಚ್ಚಿಯಾಗಿದೆ, ಆಕಾಶದಲ್ಲಿ ಹಿಡಿಯಲು ಈಗ ಏನೂ ಇಲ್ಲ ಎಂದು ನಾನು ಕಾರ್ಯದರ್ಶಿಗಳ ಕಿವಿಯಲ್ಲಿ ಹೇಳಿದೆ. “ಸ್ವಲ್ಪ ಪಾಸಿಟಿವ್ ಆಗಿರಿ ಸಾರ್,” ಎಂದರು.

“ಬಂತೇನ್ರೀ?” ಮೇಲಿನಿಂದ ಕೂಗು.

“ಇಲ್ಲ! ಸ್ವಲ್ಪ ಎಡಕ್ಕೆ!” ಕೆಳಗಿನಿಂದ ಐವತ್ತು ಜನ, ಒಂದೇ ದನಿಯಲ್ಲಿ.

“ಈಗ?”

“ಇನ್ನೂ ಸ್ವಲ್ಪ! ಹಾಂ, ಹಾಂ... ಹೋಯ್ತು! ವಾಪಸ್ ತಿರುಗ್ಸು!”

“ಈಗ್ರೀ?”

ಇರುವೆಗಳು ಒಂದು ಕಡೆ ಒತ್ತರಿಸಿ ನಿಂತ ಹಾಗಾಯಿತು. ಮ್ಯಾನೇಜರು ಕುರ್ಚಿಯಿಂದ ಎದ್ದೇ ಬಿಟ್ಟರು. “ಯಾರೋ ಕಾಣ್ತಿದಾರೆ ನೋಡ್ರೀ! ಕೈಯಲ್ಲಿ ಬ್ಯಾಟು! ಕಪಿಲ್!”

“ಬ್ಯಾಟಲ್ರೀ, ಬಿಲ್ಲು ಅದು,” ಅಂದರು ಆಂಟಿ.

“ಬಿಟ್ಟ್ ಕೆಳಗ ಬರ್ಲೇನ್ರೀ ಸಾಹೇಬ್ರ?”

“ಬೇಡ ಬೇಡ! ಹಿಡ್ಕೊಂಡೇ ಇರು!”